ಕೆಂಚ ಕೊಟ್ಟ ಫಿರ್ಯಾದು

"ಹನ್ನೊಂದು ಕುರಿ ಹೋದ್ದು ಹೋಯ್ತು, ಈಗ ನಾಯಿಗೂ ಹುಚ್ಚು ಹಿಡಿದೈತೆ ಅಂತಾವ್ರೆ ಸ್ವಾಮಿ. ನಾಳೆ ಎಂಟು ಗಂಟೆಗೆ ಅರಳಿಕಟ್ಟೆ ತಾವ ಹೊಡೆದು ಸಾಯಿಸ್ತಾರಂತೆ."

ಯಗಟಿಯ ಈರಕ್ಕ ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಕಡೂರು ಠಾಣೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕೈಯಲ್ಲಿ ಹಗ್ಗ. ಹಗ್ಗದ ತುದಿಗೆ ಅವಳ ನಾಯಿ ಕೆಂಚ. ಬಾಯಿಂದ ಜೊಲ್ಲು. ಹುಚ್ಚು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಇಬ್ಬರು ಪೇದೆಗಳು ಮೇಜಿನ ಮೇಲಿದ್ದರು.

ದಫೇದಾರ್ ತಿಮ್ಮರಾಯಪ್ಪ ಕಣ್ಣು ಮುಚ್ಚಿಕೊಂಡ. ಈ ಕುರಿಗಳ ಹಿಂದೆ ಅವನು ಅಲೆಯುತ್ತಿರುವುದು ಇದು ನಾಲ್ಕನೇ ದಿನ. ಸಿಕ್ಕಿದ್ದು ಏನೂ ಇಲ್ಲ.

ಭಾನುವಾರ ಈರಕ್ಕ ನಾಮಕರಣಕ್ಕೆಂದು ಪಂಚನಹಳ್ಳಿಗೆ ಹೋಗಿದ್ದಳು. ಸಂಜೆ ಬಂದರೆ ಕುರಿ ರೊಪ್ಪ ಖಾಲಿ. ಬೇಲಿ ಮುರಿದಿಲ್ಲ. ಗೇಟಿನ ಹಗ್ಗ ನೀಟಾಗಿ ಬಿಚ್ಚಿದೆ. ನಾಯಿ ಒಂದು ಸಲವೂ ಬೊಗಳಿಲ್ಲವೆಂದು ಅಕ್ಕಪಕ್ಕದವರೆಲ್ಲ ಹೇಳಿದರು. ಕುರಿಗಳ ಬೆನ್ನ ಮೇಲೆ ಕೆಮ್ಮಣ್ಣಿನ ಪಟ್ಟೆ ಇತ್ತು. ಪೊಲೀಸರಿಗೆ ಇದ್ದ ಗುರುತು ಅದೊಂದೇ.

ಮೊದಲು ತರೀಕೆರೆಯ ತೊಗಲು ವ್ಯಾಪಾರಿ ದಾವೂದ್ ಸಾಬರ ಮೇಲೆ ಅನುಮಾನ ಬಿತ್ತು. ಹೋಗಿ ಗೋದಾಮು ಪೂರ್ತಿ ಜಾಲಾಡಿದ್ದಾಯಿತು. ಕೆಂಪು ಪಟ್ಟೆಯ ಒಂದೇ ಒಂದು ತೊಗಲು ನೀವು ತೋರಿಸಿದರೂ ಅದನ್ನೇ ಹೊದ್ದುಕೊಂಡು ಠಾಣೆಗೆ ಬರುತ್ತೇನೆ ಎಂದು ಸಾಬರು ನಕ್ಕಿದ್ದರು. ಆಮೇಲೆ ಅಜ್ಜಂಪುರದ ಸಂತೆ. ಬಿಳಿ ಕುರಿ, ಕಂದು ಕುರಿ, ಬೆನ್ನ ಮೇಲೆ ಕರಿ ಉಂಗುರದ ಗುರುತಿದ್ದ ಕುರಿ. ಕೆಂಪು ಪಟ್ಟೆಯದು ಮಾತ್ರ ಒಂದೂ ಇಲ್ಲ. ಬಿಸಿಲಲ್ಲಿ ನಿಂತು ನಿಂತು ತಲೆ ಸಿಡಿದಿತ್ತು.

"ನನ್ನೂ ಕರ್ಕೊಂಡು ಹೋಗ್ಬಾರ್ದಿತ್ತಾ? ಮುಖ ನೋಡಿ ಹೇಳ್ತಿದ್ದೆ," ಎಂದಳು ಈರಕ್ಕ.

"ಕುರಿ ಮುಖ ಎಲ್ಲಾ ಒಂದೇ ಕಣಮ್ಮ."

"ನಂಗೆ ಪೊಲೀಸ್ನೋರ ಮುಖ ಎಲ್ಲಾ ಒಂದೇ."

ಮೇಜಿನ ಮೇಲಿನ ಪೇದೆ ನಕ್ಕ. ತಿಮ್ಮರಾಯಪ್ಪ ಅವನನ್ನು ಕೆಕ್ಕರಿಸಿ ನೋಡಿದ.

ಲಪ್. ಲಪ್. ಲಪ್. ಕೆಂಚ ಮುಂದಿನ ಎಡಗಾಲನ್ನು ನೆಕ್ಕುತ್ತಲೇ ಇತ್ತು. ಸೋಮವಾರದಿಂದ ಇದೇ ಕೆಲಸ. ಈರಕ್ಕ ಗದರಿದ್ದಳು. ಬೇವು ಅರೆದು ಹಚ್ಚಿದ್ದಳು. ಯಾರೋ ಹೇಳಿದರೆಂದು ಮೆಣಸಿನಪುಡಿಯನ್ನೂ ಹಚ್ಚಿದ್ದಳು. ಬಟ್ಟೆ ಕಟ್ಟಿದರೆ ಕಿತ್ತು ಹಾಕುತ್ತಿತ್ತು. ಮತ್ತೆ ಲಪ್ ಲಪ್. ಆಮೇಲೆ ಜೊಲ್ಲು ಶುರುವಾಯಿತು. ಅಷ್ಟರಲ್ಲಿ ಪಕ್ಕದ ಮನೆಯಲ್ಲೇ ಇರುವ ಅವಳ ಮೈದುನ ಲಕ್ಕಣ್ಣ, ನಾಯಿ ಕೈ ಕಚ್ಚಿತು, ಇದಕ್ಕೆ ಹುಚ್ಚು ಹಿಡಿದಿದೆ ಎಂದು ಊರು ಕೂಡಿಸಿದ್ದ.

ಲಕ್ಕಣ್ಣ ಸೂಜಿ ಹಾಕಿಸಿಕೊಂಡನೇ ಎಂದು ದಫೇದಾರ ಸುಮ್ಮನೆ ಕೇಳಿದ. ಹೊಟ್ಟೆಗೆ ಹದಿನಾಲ್ಕು ಸೂಜಿ ಯಾರು ಚುಚ್ಚಿಸಿಕೊಳ್ಳುತ್ತಾರೆ ಎಂದು ಅರಿಶಿನದ ಬಟ್ಟೆ ಸುತ್ತಿಕೊಂಡಿದ್ದಾನಂತೆ.

"ಹೊಡೀರಿ, ಹಂಗೇ ಬಿಡ್ರಿ, ನನಗೇನು," ಎಂದ ತಿಮ್ಮರಾಯಪ್ಪ.

ಈರಕ್ಕ ಏಳಲಿಲ್ಲ. ಗಂಡ ಸತ್ತ ವರ್ಷ ಹುಟ್ಟಿದ ನಾಯಿ ಅದು. ತರೀಕೆರೆಯಲ್ಲಿ ಖಾಸಿಂ ಸಾಬ್ ಅಂತ ಇದ್ದಾರೆ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಅವರು ಹುಚ್ಚು ಅಂದರೆ ತಾನೇ ಹಗ್ಗ ಬಿಡುತ್ತೇನೆ ಎಂದಳು. ಒಳಗಿನಿಂದ ಇನ್ಸ್‌ಪೆಕ್ಟರು, ಆ ನಾಯಿಯನ್ನು ಮೊದಲು ಠಾಣೆಯಿಂದ ಸಾಗಹಾಕು ಎಂದು ಕೂಗಿದರು. ಬಸ್ಸಿನ ಕಂಡಕ್ಟರ್ ಹತ್ತಿಸಲಿಲ್ಲ. ಕೊನೆಗೆ ತೆಂಗಿನಕಾಯಿ ಲಾರಿಯ ಮೇಲೆ ಮೂವರೂ ತರೀಕೆರೆ ಸೇರಿದರು. ದಾರಿಯುದ್ದಕ್ಕೂ ದಫೇದಾರನ ಕಿವಿಯಲ್ಲಿ ಅದೇ ಲಪ್ ಲಪ್.

* * *

"ಮೊದ್ಲು ಆ ನೆಕ್ಕೋದು ನಿಲ್ಸಿ ಸಾಬ್ರೆ. ನಂಗೇ ಹುಚ್ಚು ಹಿಡೀತದೆ."

ಖಾಸಿಂ ಸಾಬರು ದಪ್ಪ ತೊಗಲಿನ ಕೈಗವಸು ತೊಟ್ಟರು. ಕೆಂಚನ ಮೂತಿಗೆ ಮೆತ್ತಗೆ ಪಟ್ಟಿ ಸುತ್ತಿದರು.

"ಯಾಕೆ ನೆಕ್ತದೆ ಅಂತ ಯಾರಾದ್ರೂ ನೋಡಿದ್ರಾ? ನೆಕ್ಕೋದು ರೋಗ ಅಲ್ಲ ದಫೇದಾರ್ರೇ, ಫಿರ್ಯಾದು. ಮುಳ್ಳು ಮುರಿದಿರಬಹುದು. ಉಣುಗು ಕಚ್ಚಿರಬಹುದು. ಕೆಲಸ ಇಲ್ದೆ ಬೇಜಾರಾದ್ರೂ ನೆಕ್ತಾವೆ. ನೀವು ಖಾರ ಹಚ್ಚಿ ಫಿರ್ಯಾದಿ ಬಾಯಿ ಮುಚ್ಚಿಸೋಕೆ ಹೋದ್ರಿ."

ಈರಕ್ಕ ತಲೆ ತಗ್ಗಿಸಿದಳು.

ಸಾಬರು ಬೆರಳ ಸಂದು ಅಗಲಿಸಿದರು. ಒಳಗೆ ಕಪ್ಪು ಕಲೆ. ಸುತ್ತ ಕೆಂಪಗೆ ಗುಳ್ಳೆ. ಪಟ್ಟಿ ಸಡಿಲಿಸಿ ನಾಲಿಗೆ ನೋಡಿದರು. ತುದಿಯಲ್ಲೂ ಗುಳ್ಳೆ.

"ಜೊಲ್ಲು ಯಾಕೆ ಅಂತ ಗೊತ್ತಾಯ್ತಲ್ಲ. ಹುಚ್ಚಿನ ಅನುಮಾನ ಇದ್ರೆ ಹತ್ತು ದಿನ ಕಟ್ಟಿ ನೋಡ್ಬೇಕು, ಹೊಡೀಬಾರ್ದು. ಆದ್ರೆ ಇದು ಸುಟ್ಟ ಗಾಯ." ಅವರು ದಫೇದಾರನ ಅಂಗಿಯ ಕಾಲರನ್ನು ಮಗುಚಿದರು. "ಇದೇನ್ರಿ?"

"ಅಗಸ ಹಾಕಿರೋ ಗುರುತು."

"ಯಾತರಲ್ಲಿ ಹಾಕ್ತಾನೆ?"

"ಕರಿಗೇರು ಕಾಯಿ ರಸದಲ್ಲಿ. ಎಷ್ಟು ಒಗೆದ್ರೂ..."

ತಿಮ್ಮರಾಯಪ್ಪನ ಮಾತು ಅಲ್ಲೇ ನಿಂತಿತು. ಎಷ್ಟು ಒಗೆದರೂ ಹೋಗದ ಕಪ್ಪು. ಚರ್ಮಕ್ಕೆ ತಾಗಿದರೆ ಸುಡುವ ರಸ. ಅಜ್ಜಂಪುರದ ಸಂತೆಯ ಕರಿ ಉಂಗುರ. ಅದಕ್ಕೂ ಮೊದಲು ಅಲ್ಲಿ ಕೆಮ್ಮಣ್ಣು ಇದ್ದಿದ್ದರೆ? ಅವನು ಆ ಕುರಿಗಳನ್ನು ಕೈಯಿಂದ ಸವರಿಕೊಂಡೇ ದಾಟಿ ಬಂದಿದ್ದ. ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಸಾಬರು ಗಾಯವನ್ನು ಸೋಪಿನಿಂದ ತೊಳೆದರು. ಕೊಬ್ಬರಿ ಎಣ್ಣೆ ಸವರಿ ಸಡಿಲವಾಗಿ ಬಟ್ಟೆ ಕಟ್ಟಿದರು. ಬೈಯಬೇಡ, ಕೆಲಸ ಕೊಡು, ಮನಸ್ಸು ಕಾಲಿನಿಂದ ಆಚೆ ಬರಲಿ ಎಂದು ಈರಕ್ಕನಿಗೆ ಹೇಳಿದರು.

"ಅದರ ಕೆಲಸ ಕುರಿ ಕಾಯೋದು. ಕುರಿ ಎಲ್ಲವೆ?" ಎಂದಳು ಅವಳು.

* * *

ಸಂಜೆ ಐದಕ್ಕೆ ಯಗಟಿಯಲ್ಲಿ ಲಕ್ಕಣ್ಣನ ಜಗಲಿಯ ಮುಂದೆ ಜನ ಸೇರಿದರು. ಕೆಂಚನನ್ನು ಕಂಡು ಕೆಲವರು ದೊಣ್ಣೆ ಎತ್ತಿದರು. ದಫೇದಾರ ನಡುವೆ ನಿಂತ.

"ಲಕ್ಕಣ್ಣ, ನಾಯಿ ಕಚ್ಚಿದ ಗಾಯ ತೋರಿಸಪ್ಪ."

"ಅರಿಶಿನ ಹಾಕಿವ್ನಿ. ಬಿಚ್ಚಬಾರ್ದು."

"ಹುಚ್ಚುನಾಯಿ ಕಚ್ಚೈತೆ ಅಂತ ಊರಿಗೆಲ್ಲಾ ಹೇಳಿದೀಯ. ಸೂಜಿ ಮಾತ್ರ ಬೇಡ ಅಂತೀಯ. ಸಾಯೋ ಭಯ ಇಲ್ವಾ ನಿಂಗೆ?"

ಲಕ್ಕಣ್ಣ ಕೈ ಹಿಂದಕ್ಕೆ ಎಳೆದುಕೊಂಡ. ತಿಮ್ಮರಾಯಪ್ಪ ತಾನೇ ಬಟ್ಟೆ ಬಿಚ್ಚಿದ. ಹಲ್ಲಿನ ಗುರುತು ಒಂದೂ ಇಲ್ಲ. ಬೆರಳ ಸಂದಿಯಲ್ಲಿ ಕಪ್ಪು ಕಲೆ. ಸುತ್ತ ಗುಳ್ಳೆ. ಆಮೇಲೆ ಅವನು ಕೆಂಚನ ಕಾಲೆತ್ತಿ ಪಕ್ಕಕ್ಕೆ ಹಿಡಿದ. ಯಾರಿಗೂ ವಿವರಿಸಬೇಕಾಗಲಿಲ್ಲ. ಆದರೂ ನಾಲ್ಕು ದಿನದ ಸಿಟ್ಟು, ಬಿಡಿಬಿಡಿಯಾಗಿ ಹೇಳಿದ. ಲಕ್ಕಣ್ಣನದು ದಿನಾ ಮುದ್ದೆ ಹಾಕುವ ಕೈ, ಅದಕ್ಕೇ ನಾಯಿ ಬೊಗಳಲಿಲ್ಲ. ಕುರಿಗಳ ಹಿಂದೆ ಬಾಲ ಅಲ್ಲಾಡಿಸುತ್ತಾ ತಾನೂ ಹೋಯಿತು. ಕೆಂಪು ಪಟ್ಟೆ ತೊಳೆದು ಲಕ್ಕಣ್ಣ ಕರಿಗೇರಿನ ಉಂಗುರ ಹಾಕಿದ. ಚೆಲ್ಲಿದ ರಸವನ್ನು ನಾಯಿ ತುಳಿಯಿತು. ಮಾರನೇ ದಿನ ಇಬ್ಬರಿಗೂ ಒಂದೇ ಗುಳ್ಳೆ. ನಾಯಿಯ ಕಾಲನ್ನು ಯಾರಾದರೂ ಸರಿಯಾಗಿ ನೋಡುವ ಮುಂಚೆ ನಾಯಿ ಸಾಯಬೇಕಿತ್ತು.

"ಅಣ್ಣ ಸತ್ತ ಮೇಲೆ ಮಂದೆ ನಂದು," ಎಂದ ಲಕ್ಕಣ್ಣ, ನೆಲ ನೋಡುತ್ತಾ. "ಇವಳು ಕೊಡ್ಲಿಲ್ಲ."

ಕುರಿಗಳು ಅಜ್ಜಂಪುರದಲ್ಲಿ ತನ್ನ ಪರಿಚಯದವನ ರೊಪ್ಪದಲ್ಲಿವೆ ಎಂದು ಅವನೇ ಬಾಯಿಬಿಟ್ಟ. ಹನ್ನೊಂದೂ ಇವೆಯಂತೆ. ತರಲು ಜೊತೆಗೆ ಬಂದಿದ್ದ ಪೇದೆಗಳು ಕೂಡಲೇ ಹೊರಟರು.

ಈರಕ್ಕ ಮೈದುನನಿಗೆ ಬೆನ್ನು ಹಾಕಿದಳು. ನೆಲದ ಮೇಲೆ ಕುಳಿತು ಕೆಂಚನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅದು ಮತ್ತೆ ಕಾಲಿನತ್ತ ಮೂತಿ ತಿರುಗಿಸಿತು. ಈ ಸಲ ಅವಳು ಗದರಲಿಲ್ಲ. ಮೂತಿಗೆ ಅಂಗೈ ಅಡ್ಡ ಕೊಟ್ಟಳು. ಅದು ಅಂಗೈ ನೆಕ್ಕಿತು.

ಹಾಗಾದರೆ ನಾಳೆಯ ಸಭೆ ರದ್ದೇ ಎಂದು ದೊಣ್ಣೆ ಹಿಡಿದ ಒಬ್ಬ ಕೇಳಿದ.

"ರದ್ದು ಯಾಕೆ? ಎಂಟು ಗಂಟೆಗೇ, ಅರಳಿಕಟ್ಟೆ ತಾವ್ಲೇ," ಎಂದ ತಿಮ್ಮರಾಯಪ್ಪ. "ಖಾಸಿಂ ಸಾಬ್ರು ಮೊದಲ್ನೇ ಬಸ್ಸಿಗೆ ಬಂದು ಕೆಂಚನ ಕಾಲಿಗೆ ಬಟ್ಟೆ ಬದಲಾಯಿಸ್ತಾರೆ. ಕುರೀನೂ ಅಷ್ಟೊತ್ತಿಗೆ ಬತ್ತವೆ. ಎಲ್ರೂ ಬನ್ನಿ. ದೊಣ್ಣೆ ಬೇಡ. ಗಾಯ ತೊಳೆಯೋಕೆ ಒಂದು ಚೊಂಬು ನೀರು ತನ್ನಿ ಸಾಕು."