ಗುರುಮಲ್ಲಪ್ಪನವರ ಖಾಲಿ ಗದ್ದಿಗೆ

ಮೂರನೆಯ ಗಂಡು ಪಿಕಪ್ ಗಾಡಿಯಲ್ಲಿ ಬಂದಿಳಿದ. ಹೆಣ್ಣು ನೋಡಲು ಬರುವವನು ಎಲೆಕೋಸು ಸಾಗಿಸುವ ಗಾಡಿಯಲ್ಲಿ ಬರುವುದೇ? ಶಿವರಂಜನಿ ಕಿಟಕಿಯಿಂದಲೇ ಮೂಗು ಮುರಿದಳು. ಗೆಟ್ಟವಾಡಿಯವನಂತೆ, ಹೆಸರು ಮಹದೇವಪ್ರಸಾದ್. ಸಂಜೆಯೊಳಗೆ ಇವನನ್ನೂ ಬಂದ ದಾರಿಗೇ ಅಟ್ಟುವುದು ಅವಳಿಗೆ ದೊಡ್ಡ ಕೆಲಸವೇನಲ್ಲ.

ತಿಗನಾರೆಯ ಈ ಮನೆಯವರು ಒಂದು ಕಾಲಕ್ಕೆ ಏಳೂರಿನ ಗೌಡಿಕೆ ಮಾಡಿದವರಂತೆ, ಕಾಡಾನೆ ಪಳಗಿಸಿದವರಂತೆ. ಆ ಏಳರಲ್ಲಿ ಎರಡು ಊರು ಈಗ ಕಾಡಾಗಿವೆ, ಒಂದರಲ್ಲಿ ಬರೀ ಬೇಲಿಕಂಬ ನಿಂತಿದೆ. ಆದರೂ ಗತ್ತಿಗೇನೂ ಕೊರತೆಯಿಲ್ಲ. ಗುಡ್ಡದ ಮೇಲೆ ಆ ಹಳೇ ಗೌಡರನ್ನೆಲ್ಲ ಕೂತ ಭಂಗಿಯಲ್ಲೇ ಮಣ್ಣು ಮಾಡಿ, ಮೇಲೆ ಕಲ್ಲಿನ ಗದ್ದಿಗೆ ಕಟ್ಟಿದ್ದಾರೆ. ಈ ಮನೆಯ ಹೆಣ್ಣು ಬೇಕಾದವನು ಮೊದಲು ಅಲ್ಲಿಗೆ ಹತ್ತಬೇಕು, ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು ಅಡ್ಡಬೀಳಬೇಕು. ಹುಡುಗಿ ದಾರಿ ತೋರಿಸುತ್ತಾಳೆ. ಹಿರಿಯರು ಕೆಳಗೆ ಹೊಂಗೆಮರದಡಿ ಕೂತು ನೋಡುತ್ತಾರೆ. ಬದುಕಿದ್ದಾಗ ಕಂದಾಯಕ್ಕೆ ಪೀಡಿಸಿದವರು ಸತ್ತ ಮೇಲೂ ಜನರನ್ನು ಬಿಡಲಿಲ್ಲ ಅನ್ನಿ.

ಅವಳಪ್ಪ ಗುರುಮಲ್ಲಪ್ಪನವರದು ಇನ್ನೂ ಒಂದು ಕೈ ಮೇಲು. ತನ್ನ ಗದ್ದಿಗೆಯನ್ನು ತಾನೇ ಮುಂಗಡವಾಗಿ ಕಟ್ಟಿಸಿಕೊಂಡಿದ್ದರು. ಮಿರಮಿರ ಮಿಂಚುವ ಕರಿ ಗ್ರಾನೈಟು, ಸುತ್ತ ಸ್ಟೀಲ್ ಕಟಕಟೆ. ಹೆಸರು ಮಾತ್ರ ಕೆತ್ತಿಸಿರಲಿಲ್ಲ. ಗೊತ್ತಿಲ್ಲದವರು ನೋಡಿದರೆ ಅದೇ ಮೂಲಪುರುಷನದು ಅಂದುಕೊಳ್ಳಬೇಕು. ಹಿಂದೆ ಬಂದ ಎರಡು ಗಂಡುಗಳು ಅಂದುಕೊಂಡದ್ದೂ ಹಾಗೆಯೇ. ಒಬ್ಬನಂತೂ ಆ ಖಾಲಿ ಗದ್ದಿಗೆಯ ಮುಂದೆ ಕಣ್ಣೊರೆಸಿಕೊಂಡು, “ಎಂಥಾ ಶೂರರು!” ಎಂದಿದ್ದ. ಶಿವರಂಜನಿ ಬೇಕೆಂದೇ ಅದರ ಪಕ್ಕ ಹೋಗಿ ನಿಂತು, ತುಟಿ ಬಿಚ್ಚದೆ ನೋಡಿದ್ದಳು. ಬದುಕಿರುವವನ ಗದ್ದಿಗೆಗೆ ವಿಭೂತಿ ಹಚ್ಚಿದರೆ ಅಪಶಕುನವಲ್ಲವೇ? ಇಬ್ಬರಿಗೂ ಕಾಫಿ ಕೂಡ ಸಿಗಲಿಲ್ಲ.

ಈಗ ಮೂರನೆಯವನು ತಟ್ಟೆ ಹಿಡಿದು ಅವಳ ಹಿಂದೆ ಗುಡ್ಡ ಹತ್ತುತ್ತಿದ್ದ.

“ಎಲೆಕೋಸಿನ ವಾಸ್ನೆ ಬತ್ತಾದಾ?” ಎಂದ.

“ಬತ್ತಾದೆ.”

“ಬೆಳಿಗ್ಗೆ ಲೋಡಿತ್ತು. ನಾನು ಸ್ನಾನ ಮಾಡ್ಕಂಡೆ, ಗಾಡಿ ಮಾಡ್ಲಿಲ್ಲ.”

ಅವಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. “ನಮ್ಮೋರು ಏಳೂರು ಆಳ್ದೋರು” ಎಂದಳು, ಗಲ್ಲ ಎತ್ತಿ.

“ನಮ್ಮೂರಲ್ಲಿ ಆಳ್ದೋರು ಯಾರೂ ಇಲ್ಲ, ಬರೀ ಮೈಮುರ್ದು ದುಡಿದೋರೇ. ಅದ್ಕೇ ಸಮಾಧಿ ನೋಡಕ್ಕೆ ಇಷ್ಟ್ ದೂರ ಬಂದಿವ್ನಿ.”

ಮೇಲೆ ಬಂದರೆ ಗೌಡರ ಪಾಡು ನೋಡುವಂತಿತ್ತು. ಒಬ್ಬರ ಗದ್ದಿಗೆಯನ್ನು ಹಂದಿ ಕೆದರಿತ್ತು. ಇನ್ನೊಬ್ಬರ ಕಲ್ಲಿಗೆ ಆನೆ ಬೆನ್ನು ತುರಿಸಿಕೊಂಡು ವಾಲಿಸಿತ್ತು.

“ಇವ್ರೇನಾ ಆನೆ ಪಳಗಿಸ್ದೋರು?”

“ಹೂಂ. ಈಗ ಆನೆಗಳೇ ಇವ್ರನ್ನ ವಿಚಾರಿಸ್ಕತ್ತಾವೆ.”

ಇಬ್ಬರೂ ಒಟ್ಟಿಗೆ ನಕ್ಕರು. ನಗು ನಿಂತ ಮೇಲೂ ಅವನ ಕಣ್ಣು ಅವಳ ತುಟಿಯಂಚಿನಲ್ಲೇ ಇತ್ತು. ಅವಳು ತಲೆ ತಿರುಗಿಸಿಕೊಂಡಳು, ಮತ್ತೆ ಓರೆಗಣ್ಣಿನಲ್ಲಿ ನೋಡಿದಳು. ಇನ್ನೂ ನೋಡುತ್ತಲೇ ಇದ್ದಾನೆ! ಛೀ, ಇವನು ಚೆನ್ನಾಗಿದ್ದಾನಲ್ಲ ಅನ್ನಿಸಿತು.

ಅಷ್ಟರಲ್ಲಿ ಅವನು ನೇರ ಗ್ರಾನೈಟಿನ ಕಡೆ ನಡೆದ. “ಇವ್ರೇ ದೊಡ್ಡೋರು ಅನ್ಸುತ್ತೆ” ಎಂದು ವಿಭೂತಿಗೆ ಬೆರಳದ್ದಿದ.

ಅವಳು ಸುಮ್ಮನಿದ್ದರೆ ಸಾಕಿತ್ತು, ಕೆಲಸ ಮುಗಿಯುತ್ತಿತ್ತು. ಸುಮ್ಮನಿರಲಾಗಲಿಲ್ಲ. ಓಡಿ ಹೋಗಿ ಅವನ ಮುಂಗೈ ಹಿಡಿದಳು.

“ಬ್ಯಾಡ! ಅದು ಅಪ್ಪಂದು.”

“ಯಾರಪ್ಪಂದು?”

“ನಮ್ಮಪ್ಪಂದು.”

ಅವನು ಹೊಂಗೆಮರದ ಕಡೆ ಬಗ್ಗಿ ನೋಡಿದ. “ನಿಮ್ಮಪ್ಪ ಅಲ್ಲಿ ಮಿಕ್ಸ್ಚರ್ ತಿಂತಾ ಕುಂತವ್ರೆ!”

ಅವಳು ನಗುತ್ತಲೇ ಎಲ್ಲ ಹೇಳಿದಳು. ಮುಂಗಡದ ಗದ್ದಿಗೆ, ಕಣ್ಣೊರೆಸಿಕೊಂಡ ಗಂಡು, ಸಿಗದ ಕಾಫಿ. ಅವನೂ ನಗುತ್ತಾನೆ ಅಂದುಕೊಂಡಿದ್ದಳು. ಅವನ ಮುಖ ಗಂಟಾಯಿತು. ಮುಂಗೈ ಬಿಡಿಸಿಕೊಂಡ.

“ದೊಡ್ಡಗಾಜನೂರಿನ ದಯಾನಂದ್ ತಾನೇ ಒಬ್ಬ? ಮಾರ್ಕೆಟ್ಟಲ್ಲಿ ಸಿಗ್ತಾನೆ. ಅಪಶಕುನದ ಗಂಡು ಅಂತ ಎಸ್ರು ಬಿದ್ದು, ಯಾರೂ ಎಣ್ಣು ಕೊಡ್ತಿಲ್ಲ ಅವ್ನಿಗೆ. ಬಾಯ್ಬಿಟ್ಟು ಬ್ಯಾಡ ಅನ್ನಕ್ಕೆ ಆಗ್ಲಿಲ್ವಾ ನಿಮ್ಗೆ?”

“ನಮ್ಮನೇಲಿ ಎಣ್ಮಕ್ಕಳ ಮಾತು ಕೇಳೋರ್ಯಾರು?”

“ಯೋಳಿ ನೋಡುದ್ರಾ? ನೋಡ್ಲಿಲ್ಲ. ಊರೋರೆಲ್ಲ ದಡ್ರು, ಅಪ್ಪ ಜಂಬಗಾರ, ಬಂದ ಗಂಡುಗಳೆಲ್ಲ ಪೆದ್ದರು. ನೀವೊಬ್ರೇ ಜಾಣೆ. ನಿಮ್ಮಪ್ಪ ಗ್ರಾನೈಟ್ ಮ್ಯಾಲೆ ಕೂರಕ್ಕೆ ಸಾಯೋಗಂಟ ಕಾಯ್ತಾವ್ರೆ. ನೀವು ಈಗ್ಲೇ ಅತ್ತಿ ಕುಂತಿದ್ದೀರಿ.”

ಅವಳಿಗೆ ಕಪಾಳಕ್ಕೆ ಬಿಟ್ಟಂತಾಯಿತು. ಇಷ್ಟು ದಿನ ತಾತ್ಸಾರ ಮಾಡುವುದಷ್ಟೇ ಗೊತ್ತಿದ್ದವಳಿಗೆ ಅದನ್ನು ಉಣ್ಣುವುದು ಹೇಗೆಂದು ಗೊತ್ತಿರಲಿಲ್ಲ. ಹಾಳಾಗಿ ಹೋಗಲಿ ಎಂದುಕೊಳ್ಳಲು ನೋಡಿದಳು. ಇವನು ಹೋಗುವುದೇ ಬೇಡ ಎಂದು ಜೀವ ಒದ್ದಾಡಿತು.

ಆಗ ಅವನು ಮಾಡಿದ್ದೇನು ಗೊತ್ತೇ? ತಟ್ಟೆಯ ವಿಭೂತಿಯನ್ನೆಲ್ಲ ಅಂಗೈಗೆ ಬಳಿದುಕೊಂಡು, ಹೊಂಗೆಮರದಡಿಯವರಿಗೆಲ್ಲ ಕಾಣುವಂತೆ ಆ ಕರಿ ಗ್ರಾನೈಟಿಗೆ ಮೂರು ಪಟ್ಟೆ ಎಳೆದುಬಿಟ್ಟ!

“ಈಗ ನನ್ನೂ ಓಡುಸ್ತಾರೆ” ಎಂದ. “ನಾನು ಬ್ಯಾಡ್ದಿದ್ರೆ ಸುಮ್ನೆ ನಿಂತಿರಿ, ಅದು ನಿಮ್ಗೆ ಅಭ್ಯಾಸ. ಬೇಕಿದ್ರೆ ಮಾತ್ರ ಬಾಯ್ಬುಡಿ.” ತಿರುಗಿಯೂ ನೋಡದೆ ಇಳಿದು ಹೋದ.

ಕೆಳಗೆ ಗುರುಮಲ್ಲಪ್ಪನವರು ಆಗಲೇ ಎದ್ದು ನಿಂತಿದ್ದರು. “ನೋಡುದ್ರಾ! ಇವ್ನೂ ಜೀವ ಇರೋ ನನ್ಗೆ ಇಬೂತಿ ಬಳ್ದ್ಬುಟ್ಟ! ಏನ್ ಬಂದದೋ ಈ ಕಾಲದ್ ಐಕಳ್ಗೆ!” ಗಂಡಿನ ಜೊತೆ ಬಂದಿದ್ದ ಅವನ ಸೋದರಮಾವ ಕೋಪದಲ್ಲಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಮಹದೇವಪ್ರಸಾದ್ ಗಾಡಿಯ ಬಾಗಿಲಿಗೆ ಕೈ ಹಾಕಿದ್ದ.

ಶಿವರಂಜನಿ ಕಲ್ಲುಮುಳ್ಳೆನ್ನದೆ ಇಳಿದು ಬಂದಳು. ಬೇಡ ಅನ್ನುವುದಕ್ಕೆ ಅವಳಲ್ಲಿ ಕಣಜದಷ್ಟು ಮಾತಿತ್ತು. ಬೇಕು ಅನ್ನುವುದಕ್ಕೆ ಹುಡುಕಿದರೆ ನಾಲಿಗೆ ಒಣಗಿತ್ತು.

“ಅಪ್ಪಾಜಿ, ನಂಗೆ ಇವ್ರು ಬೇಕು.”

“ಏನಂದೆ?”

“ಆ ಗದ್ದಿಗೆ ನಿಮ್ದು ಅಂತ ಯೋಳಿದ್ದೆ. ಗೊತ್ತಿದ್ದೇ ಬಳ್ದವ್ರೆ. ಮುಂಚೆ ಬಂದಿದ್ದ ಇಬ್ರಿಗೂ ಗೊತ್ತಿರ್ಲಿಲ್ಲ. ಬೇಕಂತ ನಾನೇ ಅಲ್ಲಿ ನಿಂತ್ಕಂಡು ದಾರಿ ತಪ್ಸಿದ್ದೆ. ದಯಾನಂದಂದು ಏನೂ ತಪ್ಪಿಲ್ಲ. ಅಪಶಕುನ ಅಂತೀರಲ್ಲ, ಎರಡ್ಸಲ ಇಬೂತಿ ಬಿದ್ರೂ ನಿಮ್ಗೇನಾಯ್ತು? ಶುಗರ್ ಇಳ್ದದೆ!”

ಅವಳವ್ವ ಶಿವಮಲ್ಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಹೊರಗೇ ಬಂತು. ಗುರುಮಲ್ಲಪ್ಪನವರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಆಮೇಲೆ ಮಗಳನ್ನು ನೋಡಿದರು. ಅವಳು ತಮ್ಮ ಹತ್ತಿರ ಏನನ್ನಾದರೂ ಬೇಕು ಎಂದು ಕೇಳಿದ್ದು ಅವರಿಗೆ ನೆನಪೇ ಇರಲಿಲ್ಲ.

“ದಯಾನಂದನ ಮನೆಗೋಗಿ ನಾನು ಮಕ ಎತ್ತೋದೆಂಗವ್ವ ಈಗ?” ಎಂದರು. ದನಿ ಇಳಿದಿತ್ತು.

“ನಾನೂ ಬತ್ತೀನಿ. ತಪ್ಪು ನಂದು, ನಾನೇ ಯೋಳ್ತೀನಿ.”

ಅವರು ಗಾಡಿಯ ಕಡೆ ತಿರುಗಿದರು. “ಏನಪ್ಪಾ, ನೀನೇನಂತೀಯೆ?”

ಮಹದೇವಪ್ರಸಾದ್ ಬಾಗಿಲಿಗೊರಗಿ ನಿಂತಿದ್ದ. “ಗಾಳಿ ಜಾಸ್ತಿ ಅದೆ. ಸರ್ಯಾಗಿ ಕೇಳಿಸ್ಲಿಲ್ಲ” ಎಂದ.

ಎಂಥಾ ಕೊಬ್ಬು! ಶಿವರಂಜನಿ ಸುಟ್ಟುಬಿಡುವಂತೆ ನೋಡಿದಳು. ಅವನು ಕಣ್ಣು ತಗ್ಗಿಸಲಿಲ್ಲ. ಅವಳು ಅಷ್ಟೂ ಜನರನ್ನು ದಾಟಿ ಅವನೆದುರಿಗೆ ಬಂದು ನಿಂತಳು.

“ನೀವು ಬೇಕು ನಂಗೆ” ಎಂದಳು. ಅದರಲ್ಲಿ ಕೊಂಕಿರಲಿಲ್ಲ.

ಅಷ್ಟು ಹೊತ್ತು ಉದ್ದುದ್ದ ಮಾತಾಡಿದ ಗಂಡು ಕಿವಿಯವರೆಗೂ ಕೆಂಪಾದ. ಏನೋ ಹೇಳಲು ಹೋಗಿ ಎರಡು ಸಲ ತಡವರಿಸಿದ.

“ನಂಗೂ” ಎಂದ ಕೊನೆಗೆ.