ಯುಗಾದಿಗೆ ಮುಡಿಯಲು ದವನ

ಕಳ್ಳ ಸಿಕ್ಕಿಬಿದ್ದಾಗ ಅವನ ಕೈಯಲ್ಲಿ ತಂಬಿಗೆಯಿತ್ತು.

ತೆಲಂಗಾಣ ಗಡಿಯ ನಾರಾಯಣಪೇಟೆಯ ಆ ಓಣಿಯಲ್ಲಿ ಎರಡು ಮಾಳಿಗೆಗಳ ನಡುವೆ ಒಂದೇ ಮೋಟುಗೋಡೆ. ಅದರ ಮೇಲೆ ಅರ್ಧ ಬಾಗಿ, ಪಕ್ಕದ ಮನೆಯ ಮಹೇಂದರ್ ಝಾನ್ಸಿಯ ದವನದ ಕುಂಡಕ್ಕೆ ಏನೋ ಸುರಿಯುತ್ತಿದ್ದ. ಮಗ್ಗದ ಮುಂದೆ ಕೂತರೆ ಒಂದೆಳೆಯೂ ತಪ್ಪದ, ಮದುವೆಯ ಮಾತೆತ್ತಿದರೆ ಆ ಮಗ್ಗಕ್ಕೇ ಓಡುವ ಮನುಷ್ಯ. ಝಾನ್ಸಿಯನ್ನು ಕಂಡದ್ದೇ ತಂಬಿಗೆ ಬೀಳಿಸಿಬಿಟ್ಟ.

"ಯಾರು ಹೇಳಿದ್ರು ನಿಮಗ, ನನ್ನ ಗಿಡ ಕೊಲ್ಲಾಕ?"

"ಕೊಲ್ಲಾಕ? ಬರೇ ನೀರ್ರೀ ಅದು! ಬಾಡಿದ್ದು ನೋಡಾಕ ಆಗಲಿಲ್ಲ. ದಿನಾ ನಸುಕಿನ್ಯಾಗ ಹಾಕ್ತೀನಿ."

"ದಿನಾ?" ಝಾನ್ಸಿ ಹಣೆ ಚಚ್ಚಿಕೊಂಡಳು. "ದಿನಾ ಸಂಜೀಕ ನಾನೂ ಹಾಕ್ತೀನಲ್ರೀ!"

ಮಣ್ಣಿಗೆ ಬೆರಳಿಟ್ಟರೆ ಕೆಸರು. ಬೇರು ಕೊಳೆತು ಕಪ್ಪಾಗಿತ್ತು. ಹೀಗೆ ಸಸಿ ಸತ್ತದ್ದು ಇದು ಎರಡನೇ ಸಲ.

ಬ್ಲೌಸ್ ಹೊಲಿದು ಮನೆ ನಡೆಸುವ ಝಾನ್ಸಿಯ ಗಂಡ ತೀರಿಕೊಂಡು ಮೂರು ವರ್ಷ. ಬಸ್ ಸ್ಟ್ಯಾಂಡಿನ ಹೂವಿನ ಸುಗುಣಮ್ಮ ದೀಪಾವಳಿಯ ದಿನ "ಎವರಿಕಮ್ಮಾ?" ಎಂದು ತೆಲುಗಿನಲ್ಲಿ, ಯಾರಿಗೆಂದು ಕೇಳಿ, "ನನಗೇ" ಅಂದ ಕೂಡಲೇ ಮಾಲೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದಳು. ಅವತ್ತೇ ಝಾನ್ಸಿ ಹಠ ಹಿಡಿದಳು. ಬರುವ ಯುಗಾದಿಗೆ ತಾನೇ ಬೆಳೆದ ದವನ ಮುಡಿದು ಗುಡಿಗೆ ಹೋಗುವುದೇ ಸೈ. ಗದ್ವಾಲದಿಂದ ಸಸಿ ತಂದಳು.

ಅತ್ತೆ ಮಹಾಂತಮ್ಮ ಸುಮ್ಮನಿರಲಿಲ್ಲ. "ಗಂಡ ಇಲ್ಲದಾಕಿಗೆ ದವನ ಯಾಕಬೇ? ಗಿಡಕ್ಕೂ ಗೊತ್ತಾಗೇ ಒಣಗ್ತೈತಿ ನೋಡು."

"ಗಂಡ ಹೋಗ್ಯಾನ, ಮೂಗು ಹೋಗಿಲ್ರೀ ಅತ್ತಿ."

ಅಂದಮೇಲೆ ತಾನೂ ಅತ್ತಳು, ಅತ್ತೆಯೂ ಅತ್ತಳು. ಹಠ ಮಾತ್ರ ಕರಗಲಿಲ್ಲ.

"ಇನ್ನೊಮ್ಮೆ ನೆಡ್ತೀನಿ," ಅಂದಳು ಈಗ ಮಹೇಂದರನಿಗೆ.

"ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ಕೈ ಕಟ್ಟಿಕೊಂಡು ನಿಂದರ್ರಿ."

ಪುಣ್ಯಾತ್ಮ ನಿಜಕ್ಕೂ ಹಾಗೇ ಮಾಡಿದ. ಪ್ರತಿ ಬೆಳಿಗ್ಗೆ ಗೋಡೆಯಾಚೆ ಕೈ ಕಟ್ಟಿಕೊಂಡು ನಿಂತ. ಮೂರನೇ ಸಸಿ ಚಳಿಯನ್ನು ನುಂಗಿಕೊಂಡು ಬೂದಿಬಣ್ಣದ ಎಳೆ ಎಲೆ ಬಿಟ್ಟಿತು.

"ಎಲಿ ನೋಡ್ತೀರೋ, ನನ್ನ ನೋಡ್ತೀರೋ?"

"ಎಲಿ ಇನ್ನಾ ಸಣ್ಣವು ಅದಾವಲ್ರೀ," ಅಂದ ಮಹೇಂದರ್. ಝಾನ್ಸಿ ನಗು ತಡೆಯಲು ಬೇರೆ ಕಡೆ ತಿರುಗಬೇಕಾಯಿತು. ಕಿವಿ ಕೆಂಪಾದದ್ದನ್ನು ಮಾತ್ರ ಬಚ್ಚಿಡಲಾಗಲಿಲ್ಲ.

ಬೇವು ಹೂಬಿಟ್ಟಿತು, ಯುಗಾದಿ ಬಂತು. ಝಾನ್ಸಿ ಒಂದು ಕುಡಿ ಚಿವುಟಿದಳು. ಮಾಳಿಗೆಯೆಲ್ಲ ಘಮ್ಮೆಂದಿತು. ಗೋಡೆಯಾಚೆಯಿಂದ ಮಹೇಂದರ್ ಕೈ ಚಾಚಿದ.

"ನಾ ಮುಡಸ್ಲಿ? ಇಲ್ಲಿ ಯಾರೂ ನೋಡೂದಿಲ್ಲ."

ಅವಳ ಮುಖ ಬಿಗಿಯಿತು. "ಕದ್ದು ಮುಡಿಯಾಕ ನಾ ಬೆಳಸಿಲ್ಲ. ಮನಸಿದ್ರ ಮುಂದಿನ ಬಾಗಲಕ್ಕ ಬರ್ರಿ. ಗುಡಿತನಕ ನನ್ನ ಬಾಜೂಕ ನಡೀರಿ."

"ಇವತ್ತು ಓಣಿ ತುಂಬ ಮಂದಿ ಅದಾರ್ರೀ."

"ಅದಕ್ಕಽ."

ಮಹೇಂದರ್ ಹಿಂದೆ ಸರಿದ. ಮೆಟ್ಟಿಲಿಳಿದು ಹೋದ ಸದ್ದಾಯಿತು. ಹೋದರೆ ಹೋಗಲಿ ಅಂದುಕೊಂಡಳು. ಕುಡಿಯನ್ನು ತಾನೇ ಜಡೆಗೆ ಸಿಕ್ಕಿಸಿಕೊಂಡಳು.

ಕೆಳಗೆ ಬಾಗಿಲು ಬಡಿದ ಸದ್ದು.

"ಯಾರದು?" ಅತ್ತೆಯ ದನಿ.

"ನಾನ್ರೀ ಅಮ್ಮಾ, ಬಾಜೂ ಮನಿ ಮಹೇಂದರ್!" ಓಣಿಗೆಲ್ಲ ಕೇಳುವಂತಿತ್ತು ಆ ದನಿ. "ಝಾನ್ಸಿ ಜತಿ ಗುಡಿಗೆ ಹೋಗಾಕ ಬಂದೀನಿ. ಬಂದಮ್ಯಾಲ ನಿಮ್ಮ ಜತಿ ಮದುವಿ ಮಾತಾಡಾಕ."

ಎದುರುಮನೆಯಲ್ಲಿ ರಂಗೋಲಿ ಹಾಕುತ್ತಿದ್ದ ಕೈ ಹಾಗೇ ನಿಂತಿತು.

ಝಾನ್ಸಿ ಇಳಿದು ಬಂದಾಗ ಮಹಾಂತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಕಣ್ಣು ಸೊಸೆಯ ಜಡೆಗೆ ಹೋಯಿತು, ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಪಕ್ಕಕ್ಕೆ ಸರಿದಳು.

"ಬಿಸಲು ಏರೂದ್ರಾಗ ಬರ್ರಿ, ಇಬ್ರೂ."

ಝಾನ್ಸಿ ತಲೆಗೆ ಸೆರಗು ಹೊದೆಯಲಿಲ್ಲ. ಹೊಸ್ತಿಲು ದಾಟಿ, ಓಣಿಯ ನಟ್ಟನಡುವೆ, ಮಹೇಂದರನ ಪಕ್ಕದಲ್ಲಿ ನಡೆದಳು.