ಮೂವತ್ತೆಂಟು ತಪ್ಪುಗಳು

ಮಧ್ಯಾಹ್ನ ಒಂದು ಐವತ್ತಕ್ಕೆ ಅತ್ತಿಗೆ ಕಿರುಚಿಕೊಂಡಳು.

ದಾಖಲೆ ಭವನದಲ್ಲಿ ಜನ ಕೆಮ್ಮುವುದೂ ಕರವಸ್ತ್ರದೊಳಗೆ. ಅಂಥ ಕಡೆ ಆ ಕೂಗು ಎದೆ ಸೀಳುವಂತಿತ್ತು. ನಾನು ಓಡಿದೆ. ಮೂರನೇ ಸಾಲಿನ ಕಪಾಟುಗಳ ನಡುವೆ ಕಟ್ಟಜ್ಜ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂದೆ ರಕ್ತ. ಪಕ್ಕದಲ್ಲಿ ತೆರೆದಿಟ್ಟ ಊಟದ ಡಬ್ಬಿ. ಅತ್ತಿಗೆ ನೆಲದ ಮೇಲೆ ಕೂತು ಅವರ ತಲೆಯನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಿದ್ದಳು. ಅವಳ ಎರಡೂ ಕೈ ಕೆಂಪಾಗಿತ್ತು.

"ಉಸಿರಿದೆ ಕಣೇ, ಉಸಿರಿದೆ. ಯಾರನ್ನಾದ್ರೂ ಕರಿ!"

ಕಟ್ಟಜ್ಜ ಆ ಭವನದ ಹಳೆಯ ದಾಖಲೆಪಾಲಕರು. ಅಲ್ಲಿ ಎರಡು ಲಕ್ಷ ಕಡತಗಳಿವೆ. ಅವನ್ನು ಕಟ್ಟು ಮಾಡಿ, ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು, ದಾರ ಬಿಗಿಯುತ್ತಾರೆ. ಮೂವತ್ತೈದು ವರ್ಷದಿಂದ ಆ ದಾರ ಬಿಗಿದವರು ಇವರೊಬ್ಬರೇ. ಹಾಗಾಗಿ ಎಲ್ಲರ ಬಾಯಲ್ಲೂ ಕಟ್ಟಜ್ಜ.

ಆಂಬುಲೆನ್ಸ್ ಅವರನ್ನು ಕರೆದೊಯ್ದಿತು. ಪ್ರಜ್ಞೆ ಇರಲಿಲ್ಲ.

*

ಇನ್‌ಸ್ಪೆಕ್ಟರ್ ಗಡಿಬಿಡಿಯ ಮನುಷ್ಯನಲ್ಲ. ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು, ಅಳಿಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಒಂದು ಕಡತ ಕಾಣೆಯಾಗಿದೆ ಎಂದು ತಿಳಿಯಿತು. ಹದಿನಾಲ್ಕು ವರ್ಷದ ಹಿಂದಿನ ತಪಾಸಣಾ ಕಡತ. ಒಂದು ಸಭಾಂಗಣದ ಬಾಲ್ಕನಿಯದು. ಆ ಬಾಲ್ಕನಿ ಎರಡು ತಿಂಗಳ ಹಿಂದೆ ಕುಸಿದು ಆರು ಜನ ಸತ್ತಿದ್ದರು. ಅದು ಗಟ್ಟಿಯಾಗಿದೆ ಎಂದು ಯಾರು ಸಹಿ ಹಾಕಿದ್ದರು ಎಂಬುದು ಆ ಕಡತದಲ್ಲಿ ಮಾತ್ರ ಇತ್ತು. ಶುಕ್ರವಾರ ಅದು ವಿಚಾರಣಾ ಆಯೋಗಕ್ಕೆ ಹೋಗಬೇಕಿತ್ತು.

"ಹೊರಗೆ ಹೋಗಿರೋಕೆ ಸಾಧ್ಯನಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಸಾರ್," ಎಂದ ಬಾಗಿಲ ಕಾವಲುಗಾರ. "ಚೀಲ, ಕೋಟು, ಕಸದ ಬುಟ್ಟಿ, ಎಲ್ಲಾ ತಡಕಿಯೇ ಬಿಡೋದು. ಸಾಹೇಬ್ರನ್ನೂ ಬಿಡಲ್ಲ."

ಅಂದರೆ ಒಳಗೇ ಇದೆ. ಎರಡು ಲಕ್ಷದಲ್ಲಿ ಒಂದು. ಹುಡುಕುತ್ತ ಕೂತರೆ ಆರು ತಿಂಗಳಾದರೂ ಬೇಕು.

ಇಲ್ಲಿ ನನ್ನ ವಿಷಯ ಹೇಳಿಬಿಡಬೇಕು. ಜನ ಪರದೆಯ ಮೇಲೆ ಹೇಗೆ ಹುಡುಕುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡುವುದು ನನ್ನ ಕೆಲಸ. ಇದಕ್ಕೂ ಸಂಬಳ ಕೊಡ್ತಾರಾ ಎಂದು ಅಣ್ಣ ಈಗಲೂ ಕೇಳುತ್ತಾನೆ. ಭವನದ ಹೊಸ ಹುಡುಕಾಟದ ಪರದೆಯನ್ನು ರೂಪಿಸಿದವಳು ನಾನು. ಆ ದಿನ ಬೆಳಗ್ಗೆ ಹತ್ತಕ್ಕೆ ಅದು ಎಲ್ಲ ಕಂಪ್ಯೂಟರುಗಳಿಗೂ ಬಂದಿತ್ತು. ಮೊದಲ ದಿನದ ತಪ್ಪುಗಳನ್ನು ಎಣಿಸಲು, ಅತ್ತಿಗೆ ಗುಮಾಸ್ತೆಯಾಗಿ ಕೂರುವ ಕೌಂಟರಿನ ಕಂಪ್ಯೂಟರಿನಲ್ಲಿ ಪರದೆಯ ರೆಕಾರ್ಡಿಂಗ್ ಹಾಕಿದ್ದೆ. ಹಾಗೆಂದು ಚೀಟಿ ಬರೆದು ಪರದೆಯ ಕೆಳಗೆ ಅಂಟಿಸಿಯೂ ಇದ್ದೆ. ಜನ ಚೀಟಿ ಓದುವುದಿಲ್ಲ. ನನ್ನ ಹೊಟ್ಟೆಪಾಡು ನಡೆಯುವುದೇ ಅದರಿಂದ.

ಆ ರೆಕಾರ್ಡಿಂಗನ್ನು ಇನ್‌ಸ್ಪೆಕ್ಟರಿಗೆ ಕೊಟ್ಟವಳೂ ನಾನೇ. ಅತ್ತಿಗೆಗೆ ಅನುಕೂಲವಾಗಲಿ ಎಂದು ಕೊಟ್ಟೆ. ಒಂದು ಇಪ್ಪತ್ತೆರಡಕ್ಕೆ ಅದೇ ಬಾಲ್ಕನಿ ಕಡತವನ್ನು ಯಾರೋ ಹುಡುಕಿದ್ದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಪರದೆಯ ಮೇಲಿದ್ದದ್ದು ಅತ್ತಿಗೆಯ ಹೆಸರು.

"ನಿಮ್ಮ ಮಿಷನ್ನೇ ಹೇಳ್ತಿದೆ ಮೇಡಂ," ಎಂದರು ಇನ್‌ಸ್ಪೆಕ್ಟರ್. "ಅವರ ಕಂಪ್ಯೂಟರ್, ಅವರ ಹೆಸರು, ಕೈಯಲ್ಲಿ ರಕ್ತ."

"ಊಟಕ್ಕೆ ಹೋಗೋವಾಗ ತನ್ನ ಲಾಗಿನ್ ಮುಚ್ಚದೆ ಹಾಗೇ ಬಿಟ್ಟು ಹೋಗಿದ್ದಾಳೆ ಸಾರ್. ಯಾರು ಬೇಕಾದ್ರೂ ಕೂತಿರಬಹುದು."

"ಊಟ ಎಲ್ಲಿ ಮಾಡಿದ್ರಂತೆ?"

"ಹಿಂದಿನ ಮೆಟ್ಟಿಲ ಮೇಲೆ. ಒಬ್ಬಳೇ."

ಅವರು ಪೆನ್ಸಿಲ್ ಕೆಳಗಿಟ್ಟರು. "ಐದು ಗಂಟೆಗೆ ನಾನು ಅವರನ್ನ ಕರ್ಕೊಂಡು ಹೋಗ್ಬೇಕು. ಅದಕ್ಕೆ ಮುಂಚೆ ಬೇರೆ ಏನಾದ್ರೂ ಇದ್ರೆ ತೋರಿಸಿ."

ನನಗೆ ಏಳು ವರ್ಷವಿದ್ದಾಗ ಅಮ್ಮ ಹೋದಳು. ಮರುವರ್ಷ ಅಣ್ಣನ ಕೈ ಹಿಡಿದು ಅತ್ತಿಗೆ ಮನೆಗೆ ಬಂದಳು. ನನ್ನ ಜಡೆ, ನನ್ನ ಜ್ವರ, ನನ್ನ ಗಣಿತ, ಎಲ್ಲ ಅವಳ ತಲೆಗೇ ಬಿತ್ತು. ಈ ಕೆಲಸವನ್ನು ನನಗೆ ಕೊಡಿಸಿದ್ದೂ ಅವಳೇ. ಅವಳ ಕೊರಳಿಗೆ ನಾನು ಕೈಯಾರೆ ಉರುಳು ಹಾಕಿದ್ದೆ.

*

ಮೊದಲು ಅನುಮಾನ ಬಂದದ್ದು ಕರಿಕೋಟಿನ ಮೇಲೆ. ಆತ ಸಭಾಂಗಣದ ಮಾಲೀಕರ ವಕೀಲ. ಹನ್ನೊಂದಕ್ಕೆ ಬಂದು ಅದೇ ಕಡತ ಕೇಳಿದ್ದ. ಆಯೋಗಕ್ಕೆ ಹೋಗುವ ಕಡತ ಕೊಡಲು ಬರುವುದಿಲ್ಲ ಎಂದು ಅತ್ತಿಗೆ ಹೇಳಿದಾಗ ಮೇಜು ಗುದ್ದಿದ್ದ.

"ಒಂದೂವರೆಗೆ ಎಲ್ಲಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಓದೋ ಕೋಣೆಯಲ್ಲಿ ನಿದ್ದೆ ಹೊಡೀತಿದ್ದೆ. ಯಾವ ಕಾಯಿದೆ ಪ್ರಕಾರ ತಪ್ಪು, ಹೇಳಿ."

ಅವನ ನಿದ್ದೆಗೆ ಸಾಕ್ಷಿ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಮೇಲೆ ಹೊಸ ಸಾಹೇಬರು ಬಂದರು. ಭವನದ ಉಪನಿರ್ದೇಶಕರು, ವರ್ಗವಾಗಿ ಬಂದು ಮೂರೇ ವಾರ. ಮೆತ್ತಗಿನ ದನಿ.

"ನಾನು ರೂಮಲ್ಲಿ ಊಟ ಮಾಡ್ತಿದ್ದೆ. ಈ ಹೊಸ ಸಿಸ್ಟಂ ನಾನು ಮುಟ್ಟೇ ಇಲ್ಲ. ನನಗೂ ಕಂಪ್ಯೂಟರಿಗೂ ಎಣ್ಣೆ ಸೀಗೆಕಾಯಿ." ಅತ್ತಿಗೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಪಾಪ, ಒಳ್ಳೇ ಹೆಂಗಸು. ಯಾಕೆ ಹೀಗೆ ಮಾಡಿದ್ರೋ."

ಅತ್ತಿಗೆ ತಲೆ ಎತ್ತಲಿಲ್ಲ. ಉಗುರಿನ ಸಂದಿಯಲ್ಲಿ ಒಣಗಿದ ರಕ್ತವನ್ನು ಕೆರೆಯುತ್ತ ಕೂತಿದ್ದಳು. ನಾನು ಹತ್ತಿರ ಹೋದೆ.

"ಅಜ್ಜ ಹೇಗಿದಾರಂತೆ?" ಎಂದು ಕೇಳಿದಳು. ತನ್ನ ಬಗ್ಗೆ ಒಂದು ಮಾತಿಲ್ಲ.

*

ಮೂರು ನಲವತ್ತಕ್ಕೆ ರೆಕಾರ್ಡಿಂಗನ್ನು ಐದನೇ ಸಲ ನೋಡಿದೆ. ಏನು ಹುಡುಕಿದ್ದಾರೆ ಎಂಬುದು ಬಾಯಿಪಾಠವಾಗಿತ್ತು. ಈ ಸಲ ಅಕ್ಷರಗಳನ್ನು ಬಿಟ್ಟು ಬರೀ ಮೌಸಿನ ಬಾಣವನ್ನು ನೋಡಿದೆ.

ಬಾಣ ನೇರವಾಗಿ ಎಡಕ್ಕೆ ಹೋಯಿತು. ಹುಡುಕಾಟದ ಪೆಟ್ಟಿಗೆಯನ್ನು ಒತ್ತಿತು. ಎಲ್ಲೂ ತಡವರಿಸಲಿಲ್ಲ.

ನಾನು ಕುರ್ಚಿಯಿಂದ ಎದ್ದು ನಿಂತೆ. ಬೆಳಗಿನ ನನ್ನ ಟಿಪ್ಪಣಿ ತೆಗೆದೆ. "ಕೌಂಟರ್ ಗುಮಾಸ್ತೆ. ಹುಡುಕಾಟ ನಲವತ್ತೊಂದು. ತಪ್ಪು ಮೂವತ್ತೆಂಟು." ಕೆಂಪು ಶಾಯಿಯಲ್ಲಿ ಗೆರೆ ಬೇರೆ ಎಳೆದಿದ್ದೆ. "ಕಣ್ಣು ಎಲ್ಲಿಟ್ಟಿದ್ದೀಯ ಅತ್ತಿಗೆ?" ಎಂದು ಗದರಿಯೂ ಇದ್ದೆ.

ನಂತರ ಬಾಣ ಬಲಗಡೆಯ ಮೂರು ಗೆರೆಗಳ ಪುಟ್ಟ ಗುರುತನ್ನು ಒತ್ತಿತು. ಅದರೊಳಗಿನ ಪಟ್ಟಿಯಲ್ಲಿ 'ಕೊನೆಯದಾಗಿ ಹೊರತೆಗೆದ ದಿನ' ಎಂಬುದನ್ನು ಆರಿಸಿತು. ಕಡತಗಳೆಲ್ಲ ಹಳೆಯದರಿಂದ ಹೊಸದಕ್ಕೆ ಸಾಲಾಗಿ ನಿಂತವು. ಮೊದಲ ಸಾಲಿನ ಮೇಲೆ ಬಾಣ ಆರು ಸೆಕೆಂಡು ನಿಂತಿತು. ಅಲ್ಲಿಗೆ ಮುಗಿಯಿತು.

ಎರಡನೆಯ ಈ ಹುಡುಕಾಟವನ್ನು ಎಲ್ಲರೂ ಕಡೆಗಣಿಸಿದ್ದೆವು. ಓಡಿಹೋಗಿ ಇನ್‌ಸ್ಪೆಕ್ಟರ ಕಿವಿಯಲ್ಲಿ ಹೇಳಿದೆ. ಅವರು ಒಬ್ಬ ಕಾನ್‌ಸ್ಟೇಬಲನ್ನು ಕಪಾಟುಗಳ ಕಡೆ ಕಳಿಸಿದರು.

"ಇದು ಸುಳ್ಳಾದ್ರೆ?" ಎಂದರು.

"ಆಗಲ್ಲ ಸಾರ್. ಬಾಯಿ ಸುಳ್ಳು ಹೇಳತ್ತೆ, ಅಭ್ಯಾಸ ಆದ ಕೈ ಹೇಳಲ್ಲ."

*

ನಾಲ್ಕೂವರೆಗೆ ಕೌಂಟರಿನ ಸುತ್ತ ಎಲ್ಲರನ್ನೂ ಸೇರಿಸಿದರು. ಒಬ್ಬೊಬ್ಬರೂ ಕೂತು ಒಂದು ಕಡತ ಹುಡುಕಬೇಕು, ಅಷ್ಟೆ. ಹುಡುಕಿ ಕಪಾಟಿಗೆ ಹೋಗಿಬರಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುತ್ತಿದ್ದೇನೆ ಎಂದರು ಇನ್‌ಸ್ಪೆಕ್ಟರ್.

ಮೊದಲು ಕರಿಕೋಟು. ಬಾಣ ಪರದೆಯ ತುಂಬ ದಾರಿ ತಪ್ಪಿದ ನೊಣದ ಹಾಗೆ ಸುತ್ತಿತು. ಮೇಲೆ, ಕೆಳಗೆ, ಮತ್ತೆ ಮೇಲೆ. "ಯಾರ್ರೀ ಇದನ್ನ ಮಾಡಿದ್ದು? ತಲೆಬುಡ ಗೊತ್ತಾಗಲ್ಲ."

ಎರಡನೆಯವಳು ಅತ್ತಿಗೆ. ಕೂತಳು. ಬಾಣ ಸರ್ರನೆ ಮೇಲಿನ ಬಲಮೂಲೆಗೆ ಹೋಯಿತು. ಅಲ್ಲಿ ಏನೂ ಇಲ್ಲ, ಖಾಲಿ ಜಾಗ. "ಅಯ್ಯೋ, ಮತ್ತೆ ಇಲ್ಲೇ ಬಂದೆ," ಎಂದು ಗೊಣಗಿ ಎಡಕ್ಕೆ ತಂದಳು. ಎರಡನೇ ಕಡತ ಕೊಟ್ಟರು. ಮತ್ತೆ ಬಲಮೂಲೆ. ಮೂರನೆಯದಕ್ಕೂ ಅದೇ.

ಮೂರನೆಯವರು ಹೊಸ ಸಾಹೇಬರು. "ನನಗೆ ಬರಲ್ಲ ಅಂದೆನಲ್ಲ," ಎಂದು ನಗುತ್ತ ಕೂತರು. ಕನ್ನಡಕ ಸರಿಮಾಡಿಕೊಂಡರು. ಒಂದೇ ಬೆರಳನ್ನು ಕೀಲಿಗಳ ಮೇಲೆ ಆಡಿಸಿದರು.

"ಎಲ್ಲಿ ಒತ್ತಬೇಕಮ್ಮ ಇದನ್ನ?" ಎಂದು ನನ್ನ ಮುಖ ನೋಡಿದರು.

ಬಾಣ ಆಗಲೇ ಎಡಗಡೆಯ ಪೆಟ್ಟಿಗೆಯೊಳಗೆ ಹೋಗಿ ನಿಂತಿತ್ತು.

"ನೀವು ಆಗಲೇ ಅಲ್ಲಿದೀರಲ್ಲ ಸಾಹೇಬ್ರೇ," ಎಂದೆ.

ಸಾಹೇಬರು ಮೌಸಿನಿಂದ ಕೈ ತೆಗೆದರು.

"ಹನ್ನೊಂದು ವರ್ಷ ಹುಡುಕಾಟದ ಪೆಟ್ಟಿಗೆ ಬಲಮೂಲೆಯಲ್ಲಿತ್ತು," ಇನ್‌ಸ್ಪೆಕ್ಟರಿಗೆ ಹೇಳಿದೆ. "ಇವತ್ತು ಹತ್ತು ಗಂಟೆಗೆ ಎಡಕ್ಕೆ ಬಂತು. ಹಳಬರ ಕೈ ಈಗಲೂ ಬಲಕ್ಕೇ ಹೋಗತ್ತೆ. ಏನೂ ಗೊತ್ತಿಲ್ಲದವರ ಕೈ ವಕೀಲರ ಹಾಗೆ ಅಲೆಯತ್ತೆ. ಆದ್ರೆ ಒಂದು ಇಪ್ಪತ್ತೆರಡಕ್ಕೆ ಕೂತವರ ಕೈ ನೇರ ಎಡಕ್ಕೆ ಹೋಗಿದೆ. ಮೂರು ಗೆರೆ ಒಳಗೆ ಏನಿದೆ ಅನ್ನೋದೂ ಗೊತ್ತಿತ್ತು. ಅದು ಹಳೇ ಪರದೆಯಲ್ಲಿ ಇರಲೇ ಇಲ್ಲ. ಹಳೇದು ಬಳಸದೆ ಹೊಸದನ್ನ ಮಾತ್ರ ಕಲಿತ ಕೈ ಅದು."

"ಅಂಥವರು ಎಷ್ಟು ಜನ?"

"ಇಬ್ಬರು. ಒಪ್ಪಿಗೆ ಬೇಕು ಅಂತ ಹೋದ ವಾರವೆಲ್ಲ ಹೊಸ ಪರದೆ ಇದ್ದದ್ದು ಸಾಹೇಬ್ರ ರೂಮಿನ ಕಂಪ್ಯೂಟರಲ್ಲಿ ಮಾತ್ರ. ಇನ್ನೊಬ್ಬಳು ನಾನು."

"ನೀವು ಒಂದು ಐದರಿಂದ ಒಂದು ನಲವತ್ತೈದರ ತನಕ ಹೊರಗಿದ್ರಿ," ಎಂದರು ಇನ್‌ಸ್ಪೆಕ್ಟರ್. "ಬಾಗಿಲ ಪುಸ್ತಕದಲ್ಲಿ ನಿಮ್ಮದೇ ಮೊದಲು ನೋಡಿದ್ದೆ. ಬೇಜಾರು ಮಾಡ್ಕೋಬೇಡಿ."

ಸಾಹೇಬರ ಮುಖದ ನಗು ಇಳಿದಿರಲಿಲ್ಲ. "ಮೌಸ್ ಎಲ್ಲಿ ಹೋಯ್ತು ಅನ್ನೋದು ಸಾಕ್ಷಿನಾ? ನ್ಯಾಯಾಲಯದಲ್ಲಿ ನಗ್ತಾರೆ."

"ಸಾಲಲ್ಲ," ಎಂದೆ. "ಅದಕ್ಕೇ ಎರಡನೇ ಹುಡುಕಾಟ ಬೇಕಾಯ್ತು. ಕಡತ ಹೊರಗೆ ಹೋಗಲ್ಲ, ಬುಟ್ಟಿಗೆ ಹಾಕಿದ್ರೂ ಸಿಕ್ಕಿಬೀಳತ್ತೆ. ಒಳಗೇ ಬಚ್ಚಿಡಬೇಕು. ನಿಮ್ಮ ರೂಮಲ್ಲಿ ಹುಡುಕಿದ್ರೆ ನಿಮ್ಮ ಹೆಸರು ಬೀಳತ್ತೆ, ಅದಕ್ಕೇ ಕೌಂಟರಿಗೆ ಬಂದ್ರಿ. ಎಲ್ಲರೂ ಏನೋ ಸಿಗಲಿ ಅಂತ ಹುಡುಕ್ತಾರೆ. ನೀವು, ಯಾರೂ ಹುಡುಕದ ಜಾಗ ಯಾವುದು ಅಂತ ಹುಡುಕಿದ್ರಿ. ನನ್ನ ಪರದೆ ಕೇಳಿದ್ದಕ್ಕೆ ನಿಯತ್ತಾಗಿ ಉತ್ತರ ಕೊಡ್ತು. ಮೂವತ್ತೊಂದು ವರ್ಷದಿಂದ ಯಾರೂ ಮುಟ್ಟದ ಕಟ್ಟು. ಬೀದಿ ದೀಪಗಳ ಎಣ್ಣೆ ಹಂಚಿಕೆ."

ಕಾನ್‌ಸ್ಟೇಬಲ್ ಆ ಕಟ್ಟನ್ನು ತಂದು ಕೌಂಟರಿನ ಮೇಲಿಟ್ಟ. ಅತ್ತಿಗೆ ಬಗ್ಗಿ ನೋಡಿದಳು.

"ಇದು ಅಜ್ಜನ ಗಂಟಲ್ಲ," ಎಂದಳು. ಗಂಟೆಗಳ ನಂತರ ಅವಳ ದನಿ ಗಟ್ಟಿಯಾಗಿತ್ತು. "ಅವರು ಎರಡು ಸುತ್ತು ಸುತ್ತಿ ತುದಿ ಒಳಗೆ ಸಿಕ್ಕಿಸ್ತಾರೆ. ಇದು ಬೂಟಿನ ಗಂಟು."

ದಾರ ಬಿಚ್ಚಿದರು. ಹಳದಿ ಹಾಳೆಗಳ ನಡುವೆ ಬಾಲ್ಕನಿ ಕಡತ. ಕೊನೆಯ ಪುಟದಲ್ಲಿ 'ಪರೀಕ್ಷಿಸಿದೆ, ಸುರಕ್ಷಿತ' ಎಂಬ ಒಕ್ಕಣೆ, ಕೆಳಗೆ ಸಾಹೇಬರ ಸಹಿ. ಹದಿನಾಲ್ಕು ವರ್ಷದ ಹಿಂದೆ ಅವರು ಕಟ್ಟಡ ತಪಾಸಣೆಯಲ್ಲಿದ್ದರು. ಆಯೋಗ ಕೂರುತ್ತಲೇ ಇಲ್ಲಿಗೆ ವರ್ಗ ಕೇಳಿಕೊಂಡು ಬಂದಿದ್ದರು.

ಮೇಲಿನ ಹಲಗೆಯನ್ನು ಮಗುಚಿದರು. ಒಳಮೈಯಲ್ಲಿ ರಕ್ತ, ನಾಲ್ಕಾರು ಬಿಳಿ ಕೂದಲು. ಅಂಚಿನಲ್ಲಿ ಬೆರಳಿನ ಗುರುತು.

ಈಗ ನಗು ಹೋಯಿತು. "ಅಲ್ಲಿ ಯಾರೂ ಇರಲ್ಲ ಅಂದ್ಕೊಂಡಿದ್ದೆ," ಎಂದರು ಸಾಹೇಬರು, ನೆಲ ನೋಡುತ್ತ. "ಹಿಂದೆ ನಿಂತು, ಯಾವ ಕಟ್ಟು ಬೇಕಿತ್ತು ಸ್ವಾಮಿ, ನಾನೇ ತೆಗೆದುಕೊಡ್ತೀನಿ ಅಂದ್ರು."

ಕಟ್ಟಜ್ಜ ಊಟ ಮಾಡುವುದು ಯಾವತ್ತೂ ಕಪಾಟುಗಳ ನಡುವೆಯೇ. ಮೂರು ವಾರದಲ್ಲಿ ಸಾಹೇಬರಿಗೆ ಅದು ಗೊತ್ತಾಗಿರಲಿಲ್ಲ. ಅದನ್ನು ಯಾವ ಪರದೆಯೂ ಹೇಳುವುದಿಲ್ಲ.

ಇನ್‌ಸ್ಪೆಕ್ಟರ್ ಅವರನ್ನು ಕರೆದೊಯ್ಯುವಾಗ ಐದು ಗಂಟೆಗೆ ನಾಲ್ಕು ನಿಮಿಷವಿತ್ತು.

*

ಆರು ದಿನದ ನಂತರ ಕಟ್ಟಜ್ಜ ಕಣ್ಣು ಬಿಟ್ಟರು. ಮರುದಿನ ಅತ್ತಿಗೆ ಕೆಲಸಕ್ಕೆ ಬಂದಳು. ನಾನು ಎಂದಿನಂತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ.

"ಪೆಟ್ಟಿಗೆ ವಾಪಸ್ ಬಲಮೂಲೆಗೇ ಹಾಕಿಬಿಡ್ತೀನಿ ಅತ್ತಿಗೆ."

"ಬೇಡ ಕಣೇ. ಎಷ್ಟು ದಿನ ಆಗತ್ತೆ, ಕಲೀತೀನಿ."

"ಅವತ್ತು ನಿನ್ನ ಗದರಿಸಿದೆ."

"ಗದರಿಸಿದೆಯಾ? ನನಗೆ ನೆನಪೇ ಇಲ್ಲ." ನೆನಪಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಯಾರೋ ಒಬ್ಬರು ತಮ್ಮ ತಾತನ ಕಾಲದ ಜಮೀನು ನಕ್ಷೆ ಕೇಳಿಕೊಂಡು ಬಂದರು. ಅತ್ತಿಗೆ ಮೌಸ್ ಹಿಡಿದಳು. ಬಾಣ ಸರ್ರನೆ ಬಲಮೂಲೆಗೆ ಹೋಗಿ ಖಾಲಿ ಜಾಗದಲ್ಲಿ ನಿಂತಿತು.

ನನ್ನ ತೊಡೆಯ ಮೇಲೆ ಟಿಪ್ಪಣಿ ಪುಸ್ತಕ ತೆರೆದಿತ್ತು. ಆ ತಪ್ಪನ್ನು ನಾನು ಎಣಿಸಲಿಲ್ಲ.